ಆರು ತೂತಿನ ಪ್ಲೇಟು

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ತರಕಾರಿಯವಳು ತಕ್ಕಡಿ ಎತ್ತಿದರೆ ನನ್ನ ಕಣ್ಣು ಅವಳ ಕಿರುಬೆರಳ ಮೇಲಿರುತ್ತದೆ. ಬಸ್ಸು ಇವತ್ತು ಬೇಗ ಬಂದರೆ, ಯಾಕೆ ಬೇಗ ಬಂತು ಎಂದು ಯೋಚಿಸುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ, "ದೇವಸ್ಥಾನದ ಪ್ರಸಾದಾನೂ ತಿರುಗಿಸಿ ನೋಡಿ ಬಾಯಿಗೆ ಹಾಕ್ಕೊಳ್ತಾಳೆ ಇವಳು" ಎಂದು ಬಂದವರೆದುರೆಲ್ಲ ರೇಗಿಸುತ್ತಿದ್ದರು. ಈ ಗುಣಕ್ಕೆ ಸಂಬಳ ಕೊಡುವವರೂ ಇದ್ದಾರೆ ಎಂದು ಗೊತ್ತಾದದ್ದು ಎಂಬತ್ತರ ದಶಕದ ಮೊದಲಲ್ಲಿ, ಪೀಣ್ಯದ ಒಂದು ಶೆಡ್ಡಿನಲ್ಲಿ.

ಹದಿನಾಲ್ಕು ಜನರ ಶೆಡ್ಡು ಅದು. ಮುರಿದ ಮೂಳೆಯನ್ನು ಜೋಡಿಸಿ ಹಿಡಿಯಲು ಡಾಕ್ಟರುಗಳು ಒಳಗೆ ಕೂರಿಸುವ ಸ್ಟೀಲ್ ಪ್ಲೇಟುಗಳನ್ನು ಅಲ್ಲಿ ಮಾಡುತ್ತಿದ್ದೆವು. ಬೆರಳಗಲದ ಪಟ್ಟಿ, ಅದರಲ್ಲಿ ಸಾಲಾಗಿ ಸ್ಕ್ರೂ ತೂತುಗಳು. ನಾಲ್ಕು ತೂತಿನದು, ಆರು ತೂತಿನದು, ತೊಡೆಗಾದರೆ ಇನ್ನೂ ಉದ್ದ. ನನ್ನ ಕೆಲಸ ಕೊನೆಯ ಟೇಬಲ್ಲಿನಲ್ಲಿ. ಬಂದ ಪ್ರತಿಯೊಂದನ್ನೂ ಭೂತಗನ್ನಡಿಯಲ್ಲಿ ನೋಡಿ ಪಾಸು ಮಾಡುವುದು, ಇಲ್ಲವೇ ಕೆಂಪು ಡಬ್ಬಿಗೆ ಎಸೆಯುವುದು. ಹೈಸ್ಕೂಲು ಮುಗಿಸಿದ್ದ ಹೆಣ್ಣಿಗೆ, ಅದೂ ನನ್ನಂಥ ಅನುಮಾನದ ಪ್ರಾಣಿಗೆ, ಇದಕ್ಕಿಂತ ಒಳ್ಳೆಯ ಕೆಲಸ ಬೇರೆ ಇರಲಿಲ್ಲ.

ಆ ಶೆಡ್ಡಿದ್ದ ಸಾಲೆಲ್ಲ ಒಂದು ಕಾಲಕ್ಕೆ ನಮ್ಮ ಅತ್ತೆಯ ಮನೆಯವರ ರಾಗಿ ಹೊಲ. ಕೈಗಾರಿಕೆಗೆ ಜಮೀನು ಹೋದ ಮೇಲೆ ಉಳಿದದ್ದು ಮನೆ, ಹಿತ್ತಿಲು ಮತ್ತು ಒಂದು ಎಮ್ಮೆ. ಅತ್ತೆಗೆ ಆ ಶೆಡ್ಡುಗಳ ಮೇಲೆ ಆರದ ಸಿಟ್ಟು. ಎಮ್ಮೆಯ ಹಾಲು ತೆಳ್ಳಗಾದರೆ ಶೆಡ್ಡಿನ ಹೊಗೆ ಕಾರಣ, ಬಾವಿಯ ನೀರು ಒಗರಾದರೆ ಶೆಡ್ಡಿನ ಮೋರಿ ಕಾರಣ. ಸಂಜೆ ನಾನು ಮನೆಗೆ ಬಂದ ಕೂಡಲೇ ನನ್ನ ಸೆರಗನ್ನು ಮೂಸಿ, "ಅದೇನು ಎಣ್ಣೇನೋ, ಅದೇನು ಆಸಿಡ್ಡೋ" ಎನ್ನುತ್ತಿದ್ದರು. ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ ಅವರ ಉತ್ತರ ಒಂದೇ: "ನಮ್ ಒಲದಾಗೆ ಮೊದ್ಲು ರಾಗಿ ಬೆಳೀತಿತ್ತು. ಈಗ ಮೂಳೆ ಬೆಳೀತಾವ್ರಂತೆ." ನಾನು ಅವರನ್ನು ನಂಬುತ್ತಿರಲಿಲ್ಲ, ಅವರು ನನ್ನನ್ನು ನಂಬುತ್ತಿರಲಿಲ್ಲ. ಒಂದೇ ಸೂರಿನಡಿ ಹೇಗೋ ನಡೆಯುತ್ತಿತ್ತು.

ಇನ್ನು ನನ್ನ ಟೇಬಲ್ಲಿನ ಒಂದು ವಿಷಯ ಹೇಳಬೇಕು. ತೂತು ಕೊರೆದು, ಅಂಚು ಉಜ್ಜಿ, ಪಾಲಿಶ್ ಮಾಡುವಷ್ಟರಲ್ಲಿ ಕೆಲವು ಪ್ಲೇಟುಗಳು ಸಣ್ಣಗೆ ಬಾಗಿಬಿಡುತ್ತಿದ್ದವು. ಬರಿಗಣ್ಣಿಗೆ ಕಾಣುವಷ್ಟಲ್ಲ. ಸಪಾಟಾದ ಕಬ್ಬಿಣದ ಹಾಸಿನ ಮೇಲೆ ಮಲಗಿಸಿ ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದರೆ ಕೆಳಗಿನಿಂದ ಒಂದು ಎಳೆ ಬೆಳಕು ಇಣುಕುತ್ತಿತ್ತು. ಅಂಥದ್ದನ್ನು ಎಸೆಯುವ ರೂಢಿ ಪೀಣ್ಯದಲ್ಲಿ ಎಲ್ಲೂ ಇರಲಿಲ್ಲ. ಶಾಫ್ಟ್ ಬಾಗಲಿ, ಸೈಕಲ್ ರಿಮ್ಮು ಬಾಗಲಿ, ಅದನ್ನು ನೆಟ್ಟಗೆ ಮಾಡಬಲ್ಲವರಿಗೇ ಅಲ್ಲಿ ಕೆಲಸಗಾರರೆಂಬ ಹೆಸರು. ನಾನೂ ಒಂದು ಬೇವಿನ ದಿಮ್ಮಿ, ಒಂದು ಮರದ ಸುತ್ತಿಗೆ ಇಟ್ಟುಕೊಂಡಿದ್ದೆ. ಎಲ್ಲಿ ಏಟು ಹಾಕಬೇಕು, ಎಷ್ಟು ಹಾಕಬೇಕು ಎಂಬುದು ಕೈಗೆ ಕೂತಿತ್ತು. ಎರಡೋ ಮೂರೋ ಏಟಿಗೆ ಪ್ಲೇಟು ಹಾಸಿನ ಮೇಲೆ ಅಂಟಿದಂತೆ ಕೂರುತ್ತಿತ್ತು, ಬೆಳಕು ಮಾಯವಾಗುತ್ತಿತ್ತು. ಆಮೇಲೆ ಏಟು ಬಿದ್ದ ಜಾಗದಲ್ಲಿ ಅದರ ಹಿಂಬದಿಗೆ ಎಮರಿ ಕಾಗದದಲ್ಲಿ ಓರೆಯಾಗಿ ಎರಡು ಸಲ ಉಜ್ಜುತ್ತಿದ್ದೆ. ಬೇರೆಯವರ ಗೆರೆಗಳೆಲ್ಲ ಉದ್ದಕ್ಕೆ ಹೋಗುತ್ತವೆ, ನನ್ನವು ಮಾತ್ರ ಓರೆ. ಇದು ನನ್ನ ಕೈಯಿಂದ ನೆಟ್ಟಗಾದದ್ದು ಎಂದು ನನಗೊಬ್ಬಳಿಗೇ ಗೊತ್ತಾಗುವ ಗುರುತು. "ಇವರ ಟೇಬಲ್ಲಿಗೆ ಬಂದ್ರೆ ರಿಜೆಕ್ಟೇ ಇರಲ್ಲ ಕಣ್ರೀ" ಎಂದು ಮಾಲೀಕರು ಬಂದವರಿಗೆಲ್ಲ ತೋರಿಸುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಸ್ಟೀಲ್ ಪಟ್ಟಿಗಳ ಕಟ್ಟು ತಂತಿ ಬಿಗಿದುಕೊಂಡು ಬರುತ್ತಿತ್ತು. ಅದನ್ನು ಬಿಚ್ಚಲು ಇಕ್ಕಳ ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲ. ತಂತಿಯನ್ನು ಆ ಕಡೆ ಈ ಕಡೆ ನಾಲ್ಕಾರು ಸಲ ಬಗ್ಗಿಸಿದರೆ ಅದೇ ಬೆಚ್ಚಗಾಗಿ ತುಂಡಾಗುತ್ತಿತ್ತು. ದಿನಾ ಬೆಳಿಗ್ಗೆ ನಾನೇ ಎಷ್ಟೋ ಕಟ್ಟುಗಳನ್ನು ಹಾಗೆ ಬಿಚ್ಚಿದ್ದೇನೆ.

ಒಂದು ಭಾನುವಾರ ಅತ್ತೆ ಎಮ್ಮೆಯ ಹಗ್ಗವನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡು ಅದನ್ನು ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಹಿಂದಿನಿಂದ ಲಾರಿಯೊಂದು ಹಾರನ್ ಹೊಡೆಯಿತು. ಎಮ್ಮೆ ಬೆದರಿ ಕಿತ್ತುಕೊಂಡಿತು, ಹಗ್ಗ ಬಿಡಲಿಲ್ಲ, ಮುಂಗೈ ಮುರಿಯಿತು. ಹೆಬ್ಬೆರಳ ಕಡೆಯ ಮೂಳೆ ನಡುವೆ ತುಂಡಾಗಿತ್ತು. ಓಡಿಬಂದ ಅಕ್ಕಪಕ್ಕದವರೆಲ್ಲ ಒಂದೇ ಮಾತು ಹೇಳಿದರು, ಪಕ್ಕದೂರಿನಲ್ಲಿ ಮೂಳೆ ಕಟ್ಟುವವರಿದ್ದಾರೆ, ಬಿದಿರಿನ ದಬ್ಬೆ ಇಟ್ಟು ಸೊಪ್ಪು ಕಟ್ಟುತ್ತಾರೆ. ಅತ್ತೆಯೂ ಅಲ್ಲಿಗೇ ಹೊರಟಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅತ್ತೆ, ಮುಂಗೈ ಮೂಳೆ ಓರೆಯಾಗಿ ಕೂಡಿಕೊಂಡ್ರೆ ಅಂಗೈ ತಿರುಗಲ್ಲ. ಆಮೇಲೆ ಹಿಟ್ಟಿನ ಕೋಲು ಹಿಡಿಯಕ್ಕಾಗಲ್ಲ. ಪ್ಲೇಟು ಹಾಕಿಸೋಣ."

ಹಿಟ್ಟಿನ ಕೋಲು ಎಂದದ್ದೇ ಅವರು ಹೊಸಿಲಲ್ಲೇ ನಿಂತರು. ಅತ್ತೆ ಆ ಕೋಲಲ್ಲಿ ತೊಳಸಿದ ರಾಗಿಮುದ್ದೆ ಊರಿಗೇ ಹೆಸರುವಾಸಿ. ಮದುವೆ, ತಿಥಿ ಎಂದರೆ ಹಂಡೆಯಷ್ಟು ಹಿಟ್ಟನ್ನು ಒಬ್ಬರೇ ತೊಳಸಿ ಕಟ್ಟುತ್ತಿದ್ದರು. ಹೊಲ ಹೋದ ಮೇಲೆ ಅವರಿಗೆ ಊರಲ್ಲಿ ಉಳಿದಿದ್ದ ಮರ್ಯಾದೆ ಆ ಬಲಗೈಯಲ್ಲೇ ಇತ್ತು. ಅದು ನನಗೆ ಗೊತ್ತಿದ್ದೇ ಹಾಗೆ ಹೇಳಿದ್ದು.

"ನಿನ್ ಮಾತು ಕೇಳಿ ಬತ್ತಾ ಇವ್ನಿ. ಕೈ ಓದ್ರೆ ನಿನ್ನೇ ಕೇಳೋದು" ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿಯಲ್ಲಿ ಅಳತೆ ಬರೆದುಕೊಟ್ಟರು. ಆಗೆಲ್ಲ ಪ್ಲೇಟನ್ನು ರೋಗಿಯ ಕಡೆಯವರೇ ತಂದುಕೊಡಬೇಕಾಗಿತ್ತು. ಆರು ತೂತಿನದು, ಸಣ್ಣ ಅಳತೆಯದು. ಅಂಗಡಿಯ ಪ್ಲೇಟನ್ನು ನಾನು ನಂಬುವುದುಂಟೆ? ಯಾರು ಮಾಡಿದ್ದೋ, ಯಾವ ಉಕ್ಕೋ. ನೇರವಾಗಿ ನಮ್ಮ ಶೆಡ್ಡಿಗೆ ಹೋದೆ. "ನಿಮಗೆ ಬೇಕಾದ್ದು ಆರಿಸ್ಕೊಳಿ" ಎಂದು ಮಾಲೀಕರು ಇಡೀ ಟ್ರೇಯನ್ನೇ ಮುಂದಿಟ್ಟರು.

ಅಂದು ನಾನು ಆರಿಸಿದಂತೆ ಮದುವೆಗೆ ಹೆಣ್ಣನ್ನೂ ಯಾರೂ ಆರಿಸಿರಲಾರರು. ಮೊದಲು ಒಂದೊಂದಕ್ಕೂ ಮ್ಯಾಗ್ನೆಟ್ ಹಿಡಿದೆ. ಒಳ್ಳೆಯ ಸ್ಟೀಲು ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಆಮೇಲೆ ತೂತಿನ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಆಮೇಲೆ ಹಾಸಿನ ಮೇಲೆ ಮಲಗಿಸಿ ಬೆಳಕಿಗೆ ಹಿಡಿದೆ. ಕೊನೆಗೆ ಎರಡು ಉಳಿದವು. ಎರಡೂ ಚೆನ್ನಾಗಿದ್ದವು. ತಿರುಗಿಸಿ ನೋಡಿದೆ, ಒಂದರ ಹಿಂಬದಿಯಲ್ಲಿ ಉದ್ದನೆಯ ಗೆರೆ, ಇನ್ನೊಂದರಲ್ಲಿ ಓರೆ ಗೆರೆ. ಓರೆ ಗೆರೆಯದನ್ನು ಎತ್ತಿಕೊಂಡೆ. ಇನ್ನೊಂದು ಯಾರ ಕೈಯಲ್ಲಿ ಹೇಗೆ ಬಂತೋ ನನಗೆ ಗೊತ್ತಿಲ್ಲ, ಇದು ನನ್ನ ಕೈಯಲ್ಲೇ ಸರಿಯಾದದ್ದು. ಆ ಟ್ರೇಯಲ್ಲಿ ನನಗೆ ಅನುಮಾನವೇ ಬಾರದ ಪ್ಲೇಟು ಅದೊಂದೇ ಆಗಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಆರು ತಿಂಗಳು ಭಾರ ಎತ್ತಬಾರದು, ಕೋಲು ಹಿಡಿಯಲೇಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಆವತ್ತಿನಿಂದ ಹಿಟ್ಟು ತೊಳಸುವುದು ನನ್ನ ಪಾಲಿಗೆ ಬಂತು. ನನ್ನ ಮುದ್ದೆಯಲ್ಲಿ ಗಂಟು. ಅತ್ತೆ ಒಂದೊಂದೇ ಗಂಟನ್ನು ಎಡಗೈಯಿಂದ ಹೆಕ್ಕಿ ತಟ್ಟೆಯ ಅಂಚಿಗಿಟ್ಟು, "ಇದನ್ನೂ ಗಾಜಾಕ್ಕೊಂಡು ನೋಡಿ ಪಾಸ್ ಮಾಡ್ದೇನವ್ವ" ಎನ್ನುತ್ತಿದ್ದರು. ಸಿಟ್ಟು ಬಂದರೂ ನಗುತ್ತಿದ್ದೆ. ಪ್ಲಾಸ್ಟರು ಬಿಚ್ಚಿದ ಮೇಲೆ ಅವರ ಅಂಗೈ ಮೆಲ್ಲಮೆಲ್ಲಗೆ ತಿರುಗತೊಡಗಿತ್ತು. ನನ್ನ ಮಾತೇ ಗೆದ್ದಿತೆಂದು ಒಳಗೊಳಗೇ ಬೀಗುತ್ತಿದ್ದೆ.

ಐದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅತ್ತೆಯ ಮುಂಗೈ ಬಾತುಕೊಂಡಿತ್ತು. ಮುಟ್ಟಲು ಬಿಡಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆಯ ಪಕ್ಕ ಬೆಳ್ಳಗೆ ಕಾಣುತ್ತಿದ್ದ ಪ್ಲೇಟು ಮೂರನೆಯ ತೂತಿನಲ್ಲಿ ಎರಡು ತುಂಡಾಗಿತ್ತು. ಮೂಳೆ ಇನ್ನೂ ಪೂರ್ತಿ ಕೂಡಿರಲಿಲ್ಲ. ಮತ್ತೆ ಕೊಯ್ದು ಬೇರೆ ಹಾಕಬೇಕು, ಆಮೇಲೆ ಕೈ ಎಷ್ಟು ತಿರುಗುತ್ತದೋ ಹೇಳಲಾಗುವುದಿಲ್ಲ ಎಂದರು.

ಬಸ್ಸಿನಲ್ಲಿ ಬರುವಾಗ ಅತ್ತೆ ಬಾಯಿಬಿಟ್ಟರು. "ಎಸೆಯೋ ಡಬ್ಬೀಲಿದ್ದದ್ದ ತಂದು ನನ್ ಕೈಗೆ ಆಕ್ಸಿದ್ದೀಯ. ನಂಗೊತ್ತು."

ಹತ್ತಾರು ಜನರೆದುರು ಆಡಿದ ಮಾತು ಅದು. ಮೈಯೆಲ್ಲ ಉರಿದುಹೋಯಿತು. ನಾನು ಎಷ್ಟು ನೋಡಿ ಆರಿಸಿದ್ದೆನೆಂದು ಇವರಿಗೇನು ಗೊತ್ತು? ಅಂದಿನಿಂದ ನನ್ನ ಅನುಮಾನಕ್ಕೆ ಊಟವಿಲ್ಲ, ನಿದ್ರೆಯಿಲ್ಲ.

ಮೊದಲ ಅನುಮಾನ ಮಾಲೀಕರ ಮೇಲೆ. ಎಲ್ಲೋ ಅಗ್ಗದ ಉಕ್ಕು ತರಿಸಿ ಕಟ್ಟುಗಳ ನಡುವೆ ಸೇರಿಸಿದ್ದಾರೆಂದುಕೊಂಡೆ. ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ಮೂಲೆಯಲ್ಲಿದ್ದ ತುಂಡುಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದಕ್ಕೂ ಮ್ಯಾಗ್ನೆಟ್ ಹಿಡಿದೆ. ಒಂದೂ ಅಂಟಲಿಲ್ಲ. ಮಾಲೀಕರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಏನಮ್ಮ, ನನ್ನ ಮೇಲೆ ಡೌಟಾ" ಎಂದರು.

"ಪ್ಲೇಟು ಮುರಿದಿದೆ ಸಾರ್. ಉಕ್ಕು ಸರಿಯಿಲ್ಲ."

ಅವರು ಒಳಗೆ ಹೋಗಿ ಉಕ್ಕಿನ ಜೊತೆ ಬಂದಿದ್ದ ಪರೀಕ್ಷೆಯ ಕಾಗದ ತಂದು ತೋರಿಸಿದರು. ಮೊಹರು ಇತ್ತು, ಸಹಿ ಇತ್ತು. ಕಾಗದದಲ್ಲಿ ಏನು ಬೇಕಾದರೂ ಬರೆಯಬಹುದು ಎಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. ವಾರಗಟ್ಟಲೆ ನನ್ನೊಂದಿಗೆ ನೆಟ್ಟಗೆ ಮಾತಾಡಲಿಲ್ಲ.

ಎರಡನೆಯ ಅನುಮಾನ ಅತ್ತೆಯ ಮೇಲೆ. ಕೈ ಬಾತುಕೊಳ್ಳುವ ಎರಡು ದಿನ ಮೊದಲು ನಾನು ಕೆಲಸದಿಂದ ಬಂದಾಗ ಹಿಟ್ಟಿನ ಕೋಲು ಗೂಟದಲ್ಲಿ ಒದ್ದೆಯಾಗಿತ್ತು. ಬೆಳಿಗ್ಗೆ ನಾನು ತೊಳೆದಿಟ್ಟದ್ದು ಸಂಜೆಯವರೆಗೆ ಒದ್ದೆಯಿರುತ್ತದೆಯೇ? ಅಂದು ಕೇಳಿರಲಿಲ್ಲ, ಈಗ ಕೇಳಿದೆ. ಅದೂ ಗಂಡನೆದುರಿಗೇ, ಪೊಲೀಸಿನವರು ಕೇಳುವ ಹಾಗೆ.

"ಕೋಲು ಹಿಡಿದ್ರಾ ಅತ್ತೆ?"

"ಇಲ್ಲ."

"ಮತ್ತೆ ಯಾಕೆ ಒದ್ದೆಯಿತ್ತು?"

"ಎಮ್ಮೆ ಆಣೆಗೂ ಇಲ್ಲ ಕಣಮ್ಮ" ಎಂದು ಗೋಡೆಯ ಕಡೆ ತಿರುಗಿದರು. ಎಮ್ಮೆಯ ಆಣೆ ನಮ್ಮ ಮನೆಯಲ್ಲಿ ದೊಡ್ಡ ಆಣೆ. ಆದರೂ ನಾನು ನಂಬಲಿಲ್ಲ. ನನ್ನ ಗಂಡ ಮಾತ್ರ, "ಬಿಡೆ ಸಾಕು, ಮುರಿದ ಕೈ ಹಿಡ್ಕೊಂಡು ಕೂತವರನ್ನ ಹೀಗಾ ಕೇಳೋದು" ಎಂದು ಎದ್ದುಹೋದರು.

ಮೂರನೆಯ ಅನುಮಾನ ಡಾಕ್ಟರ ಮೇಲೆ. ಎರಡನೆಯ ಆಪರೇಷನ್ನಿಗೆ ಅತ್ತೆಯನ್ನು ಸೇರಿಸಿದ ದಿನ ಡಾಕ್ಟರು ವಾರ್ಡಿನಿಂದ ಹೊರಬರುವುದನ್ನೇ ಕಾದಿದ್ದು ಎದುರು ನಿಂತೆ. "ಸಾರ್, ನಾನು ಪ್ಲೇಟು ಮಾಡೋ ಶೆಡ್ಡಲ್ಲೇ ಕೆಲಸ ಮಾಡೋದು. ನಾನು ಕೊಟ್ಟಾಗ ಅದು ನೂಲು ಹಿಡಿದ ಹಾಗೆ ನೆಟ್ಟಗಿತ್ತು. ಎಕ್ಸ್‌ರೇಲಿ ನೋಡಿದ್ರೆ ಬಾಗಿದೆ. ನೀವು ಅದನ್ನ ಏನು ಮಾಡಿದ್ರಿ?"

ಬಯ್ಯುತ್ತಾರೆಂದುಕೊಂಡಿದ್ದೆ. ಬಯ್ಯಲಿಲ್ಲ. ನಿಂತು ಹೇಳಿದರು. "ಮೂಳೆ ನೆಟ್ಟಗಿರಲ್ಲಮ್ಮ. ಈ ಮೂಳೆಗೆ ಬಾಗು ಇದೆ. ಅದರ ಮೇಲೆ ಕೂರಬೇಕು ಅಂದ್ರೆ ಪ್ಲೇಟನ್ನ ಬಗ್ಗಿಸಲೇಬೇಕು. ನಾನು ಒಂದೇ ಸಲ ಬಗ್ಗಿಸಿದ್ದು. ಬಗ್ಗಿಸಿ ಮತ್ತೆ ನೆಟ್ಟಗೆ ಮಾಡಿದ ಪ್ಲೇಟನ್ನ ಹಾಕಲೇಬೇಡಿ ಅಂತ ನಮಗೆ ಓದುವಾಗಲೇ ಹೇಳಿರ್ತಾರೆ. ತಂತಿ ಮುರೀತೀವಲ್ಲ, ಆ ಕಡೆ ಈ ಕಡೆ ಬಗ್ಗಿಸಿ, ಹಾಗೇ ಅದು. ಒಳಗೆ ಸೋತಿರುತ್ತೆ, ಹೊರಗೆ ಏನೂ ಕಾಣಲ್ಲ."

"ಅದಕ್ಕೇ ಮುರೀತಾ ಸಾರ್?"

"ಅದು ಹೇಗೆ ಹೇಳೋದು? ನಾನು ಎರಡು ಸಲ ಬಗ್ಗಿಸಿಲ್ಲ ಅಂದೆನಲ್ಲ. ಮೂಳೆ ಕೂಡೋದು ತಡವಾದ್ರೂ ಮುರಿಯುತ್ತೆ, ಕೈಗೆ ಭಾರ ಬಿದ್ರೂ ಮುರಿಯುತ್ತೆ. ಇಂಥದ್ದೇ ಅಂತ ಹೇಳೋಕಾಗಲ್ಲ" ಎಂದು ಅವರು ಹೊರಟುಹೋದರು.

ನಾನು ವರಾಂಡದ ಬೆಂಚಿನ ಮೇಲೆ ಕೂತೆ. ಈ ಸಲದ ಪ್ಲೇಟನ್ನು ನನ್ನ ಗಂಡ ಅಂಗಡಿಯಿಂದ ತಂದಿದ್ದರು. "ನೋಡ್ತೀಯಾ" ಎಂದು ಪೊಟ್ಟಣ ಚಾಚಿದರು. ಬೇಡವೆಂದೆ. ಅವರು ವಿಚಿತ್ರವಾಗಿ ನನ್ನ ಮುಖ ನೋಡಿದರು.

ಆಪರೇಷನ್ ಮುಗಿದ ಮೇಲೆ ನರ್ಸಮ್ಮ ಹತ್ತಿಯಲ್ಲಿ ಸುತ್ತಿದ ಮುರಿದ ಪ್ಲೇಟನ್ನು ತಂದುಕೊಟ್ಟರು. ಕಿಟಕಿಯ ಹತ್ತಿರ ಹೋಗಿ ಬಿಚ್ಚಿದೆ. ಎರಡು ತುಂಡು. ಮೂರನೆಯ ತೂತಿನ ಎರಡೂ ಪಕ್ಕಗಳಲ್ಲಿ ಸೀಳಿತ್ತು. ಹಿಂಬದಿಗೆ ತಿರುಗಿಸಿ ತುಂಡುಗಳನ್ನು ಒಂದಕ್ಕೊಂದು ತಾಗಿಸಿದೆ. ಮುರಿದ ಜಾಗದ ಮೇಲೇ ನನ್ನ ಓರೆ ಗೆರೆಗಳು ಈ ತುಂಡಿನಿಂದ ಆ ತುಂಡಿಗೆ ದಾಟಿಹೋಗಿದ್ದವು. ಏಟು ಬಿದ್ದಲ್ಲೇ ಅಲ್ಲವೇ ನಾನು ಉಜ್ಜುತ್ತಿದ್ದದ್ದು. ಭೂತಗನ್ನಡಿ ಬೇಕಾಗಲಿಲ್ಲ. ನಾನೇ ಮಾಡಿದ್ದು ಎಂದು ಆ ಕ್ಷಣದಲ್ಲೇ ನನಗೆ ಅನಿಸಿತು, ಇಂದಿಗೂ ಅನಿಸುತ್ತದೆ.

ಮರುದಿನ ಅತ್ತೆಗೆ ಗಂಜಿ ಕುಡಿಸುತ್ತಿದ್ದೆ. ಎರಡು ಗುಟುಕು ಕುಡಿದು ಸಾಕೆಂದು ಎಡಗೈಯಿಂದ ಲೋಟ ತಳ್ಳಿದರು. ಹೇಳಿಬಿಡಬೇಕೆಂದು ರಾತ್ರಿಯಿಂದ ಮಾತು ಜೋಡಿಸಿಕೊಂಡಿದ್ದೆ. ಆದರೆ ಅವರೇ ಮೊದಲು ಶುರುಮಾಡಿದರು.

"ನಾನು ಸುಳ್ಳೇಳ್ದೆ ಕಣಮ್ಮ."

ನಾನು ಲೋಟವನ್ನು ಕೆಳಗಿಟ್ಟೆ.

"ಆವತ್ತು ನನ್ ತಮ್ಮ ಬಂದಿದ್ದ, ಮಧ್ಯಾನ್ದಾಗೆ. ನೀನು ಕೆಲ್ಸಕ್ಕೋಗಿದ್ದೆ. ಬೆಳಗಿನ ಮುದ್ದೆ ಇತ್ತು, ಗಂಟುಗಂಟು. ಅದನ್ನಿಕ್ಕುದ್ರೆ ಓಗಿ ನೆಂಟ್ರಿಗೆಲ್ಲ ಏಳ್ತಾನೆ, ನಿನ್ ಎಸ್ರು ಕೆಡ್ತದೆ ಅಂದ್ಕೊಂಡೆ. ಒಂದೇ ಒಂದು ಸಲ ಕೋಲು ಇಡ್ದೆ. ತೊಳಸೋವಾಗ್ಲೇ ಒಳಗೆ ಚಳುಕ್ ಅಂತು." ಅವರ ಕಣ್ಣು ತುಂಬಿತ್ತು. "ನನ್ ಕೈಯಾರೆ ಮುರ್ಕೊಂಡು, ತಪ್ಪ ನಿನ್ ಪ್ಲೇಟಿನ ಮ್ಯಾಲೆ ಆಕ್ದೆ. ಬಸ್ಸಲ್ಲಿ ಅಷ್ಟು ಜನರ ಮುಂದೆ ಅಂದೆ. ಎಮ್ಮೆ ಮ್ಯಾಲೆ ಸುಳ್ಳಾಣೆ ಬೇರೆ. ತಪ್ಪಾಯ್ತು ಕಣವ್ವ."

ಮುರಿದ ಪ್ಲೇಟಿನ ಪೊಟ್ಟಣ ನನ್ನ ಸೊಂಟದಲ್ಲೇ ಇತ್ತು, ಸೆರಗಿನ ತುದಿಗೆ ಕಟ್ಟಿಕೊಂಡಿದ್ದೆ. ಒಂದು ಸಲ ತೊಳಸಿದರೆ ಮುರಿಯುವಂಥದ್ದಲ್ಲ ಅತ್ತೆ ಅದು, ಎಂದು ಹೇಳಬೇಕಾಗಿತ್ತು. ಗಂಟು ಬಿಚ್ಚಿ ತೋರಿಸಬೇಕಾಗಿತ್ತು. ಮದುವೆಯಾಗಿ ಬಂದಾಗಿನಿಂದ ನನ್ನೆದುರು ಒಮ್ಮೆಯೂ ತಗ್ಗದವರು ಅಂದು ತಗ್ಗಿದ್ದರು, ಅದೂ ನನ್ನ ಹೆಸರು ಉಳಿಸಲು ಹೋಗಿ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಜಾಸ್ತಿ ಹೆದರಿಕೆಯಾಯಿತು.

"ಆಯ್ತು ಬಿಡಿ ಅತ್ತೆ" ಎಂದೆ. "ಆಗಿದ್ದು ಆಗೋಯ್ತು. ನಾನೇನೂ ಅಂದ್ಕೊಂಡಿಲ್ಲ."

ಅವರನ್ನು ನಾನು ಕ್ಷಮಿಸಿದೆ. ಇದನ್ನು ಬರೆಯುವಾಗಲೂ ಈ ಸಾಲಿನ ಮುಂದೆ ಸ್ವಲ್ಪ ಹೊತ್ತು ಕೂತಿದ್ದೆ.

ಶೆಡ್ಡಿಗೆ ವಾಪಸು ಹೋದ ದಿನ ಬೇವಿನ ದಿಮ್ಮಿಯನ್ನು ಚೀಲಕ್ಕೆ ಹಾಕಿಕೊಂಡು ಬಂದು ನೀರೊಲೆಗೆ ತಳ್ಳಿದೆ. ಆಮೇಲಿಂದ ಬಾಗಿದ್ದೆಲ್ಲ ನನ್ನ ಟೇಬಲ್ಲಿನಿಂದ ಕೆಂಪು ಡಬ್ಬಿಗೆ ಹೋಗತೊಡಗಿತು. ಮಾಲೀಕರ ಕಣ್ಣು ನನ್ನ ಮೇಲೆ ಬಿತ್ತು. "ಬೇರೆ ಶೆಡ್ಡಿನವರು ಯಾರಾದ್ರೂ ಏನಾದ್ರೂ ಹೇಳಿಕೊಟ್ರಾ" ಎಂದು ಕೇಳಿದರು. ಡಾಕ್ಟರು ಹೇಳಿದ್ದನ್ನು ಹೇಳಿದೆ, ಅದಕ್ಕಿಂತ ಮುಂದೆ ಹೇಳಲಿಲ್ಲ. ಅವರು ಯಾರನ್ನೋ ವಿಚಾರಿಸಿ ಬಂದು, ಎರಡು ದಿನ ಬಿಟ್ಟು, ಇನ್ನು ಯಾರೂ ಪ್ಲೇಟು ನೆಟ್ಟಗೆ ಮಾಡಕೂಡದು ಎಂದರು. ಆದರೆ ಅದುವರೆಗೆ ಓರೆ ಗೆರೆ ಹಾಕಿ ಕಳಿಸಿದವು ಎಲ್ಲೆಲ್ಲಿಗೆ ಹೋದವೋ ಯಾರಿಗೆ ಗೊತ್ತು. ಬಸ್ಸಿಗೆ ಯಾರಾದರೂ ಕುಂಟುತ್ತ ಹತ್ತಿದರೆ ನಾನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ.

ಅತ್ತೆಯ ಮೂಳೆ ಕೂಡಿತು. ಅಂಗೈ ಮಾತ್ರ ಪೂರ್ತಿ ಮೇಲಕ್ಕೆ ತಿರುಗಲಿಲ್ಲ. ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಳ್ಳುವಾಗ ಬಲಗೈಯನ್ನು ಎಡಗೈಯಿಂದ ಹಿಡಿದು ತಿರುಗಿಸಿಕೊಳ್ಳುತ್ತಿದ್ದರು, ಅರ್ಧ ಚೆಲ್ಲಿಹೋಗುತ್ತಿತ್ತು. ಊರಿನ ತಿಥಿಗಳಿಗೆ ಹಿಟ್ಟು ತೊಳಸಲು ಬೇರೆಯವರನ್ನು ಕರೆದರು. ಅತ್ತೆ ಒಂದು ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನ ಮುದ್ದೆಯಲ್ಲಿ ಗಂಟಿದ್ದರೂ ಆಮೇಲೆ ಒಂದು ದಿನವೂ ಹೆಕ್ಕಿಡಲಿಲ್ಲ, ಸುಮ್ಮನೆ ನುಂಗುತ್ತಿದ್ದರು. ಅದು ನನಗೆ ಅವರ ಚುಚ್ಚುಮಾತಿಗಿಂತ ಕಷ್ಟವಾಗಿತ್ತು.

ಅವರು ಇನ್ನೂ ಹತ್ತಾರು ವರ್ಷ ಬದುಕಿದರು. ಬಂದ ನೆಂಟರು ಕೈಗೇನಾಯಿತೆಂದು ಕೇಳಿದರೆ ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳುತ್ತಿದ್ದರು, ಎಮ್ಮೆ, ಲಾರಿ, ತಮ್ಮ ಬಂದದ್ದು, ಕೋಲು ಹಿಡಿದದ್ದು. ಕೊನೆಗೆ ಒಳಗಿರುವ ನನಗೂ ಕೇಳಲೆಂದು ದನಿ ಏರಿಸುತ್ತಿದ್ದರು.

"ತಪ್ಪೆಲ್ಲ ನಂದೇಯ. ನಮ್ ಸೊಸೆ ಒಳ್ಳೇವ್ಳು. ಆವತ್ತಿಂದ ಈವತ್ತಿನ್ಗಂಟ ಅದರ ಬಗ್ಗೆ ಒಂದು ಮಾತು ಆಡಿಲ್ಲ."

ನಿಜ. ಒಂದು ಮಾತೂ ಆಡಲಿಲ್ಲ.